ಅವಳ ಕೈಗೆ ಬಂದ ದಾರ

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಉಕ್ಕುವ ಮುಂಚೆ ಸ್ಟೌ ಸಣ್ಣ ಮಾಡಿ, ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ, ಅವಳ ಜಡೆಗೆ ರಿಬ್ಬನ್ ಹುಡುಕುತ್ತಿದ್ದೆ. ಶ್ರೀನಿವಾಸಪುರದಲ್ಲಿ ಮಾವಿನ ಕಾಲ. ರಾತ್ರಿ ಊಟವಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ನಾಟಿ ಹಣ್ಣು. ಹಣ್ಣು ಸಣ್ಣದು, ನಾರು ಉದ್ದ. ಬೆಳಗಾದರೂ ಹಲ್ಲಿನ ಸಂದಿ ಬಿಡುವುದಿಲ್ಲ.

ಒಂಬತ್ತು ವರ್ಷದ ಅವಳ ದವಡೆ ಹಲ್ಲೊಂದಕ್ಕೆ, ಸಂದಿಯ ಕಡೆಯಿಂದಲೇ ಹುಳುಕು ಹಿಡಿದಿತ್ತು. ಕೋಲಾರದ ದಂತವೈದ್ಯೆ, "ಬ್ರಷ್ ಅಲ್ಲಿಗೆ ಹೋಗಲ್ಲಮ್ಮ. ಫ್ಲಾಸ್ ಅಂತ ಮೇಣದ ದಾರ ಬರತ್ತೆ, ದಿನಾ ಹಾಕಿ. ಪಕ್ಕದ್ದು ಹೊಸ ಹಲ್ಲು, ಅದು ಹೋದ್ರೆ ಮತ್ತೆ ಬರಲ್ಲ" ಎಂದಿದ್ದರು.

ಮೊದಲ ವಾರ ನಾನೇ ಹಾಕಿದೆ, ಹೇಗೋ ನಡೆಯಿತು. ಒಂದು ದಿನ ಫ್ಲಾಸ್ ಮುಗಿದಿತ್ತು. ಯಾವ ದಾರವಾದರೇನು ಎಂದುಕೊಂಡು ಹೂ ಕಟ್ಟುವ ದಾರದ ಉಂಡೆಯಿಂದ ಒಂದು ಗೇಣು ಕತ್ತರಿಸಿದೆ. ಅದು ಸಂದಿಯಲ್ಲಿ ಸಿಕ್ಕಿಕೊಂಡಿತು. ಎಳೆದೆ. ಒಸಡಿನಿಂದ ರಕ್ತ ಬಂತು. ಆಮೇಲೆ ಹೊಸ ಫ್ಲಾಸ್ ತಂದರೂ ಅವಳು ಬಾಯಿ ತೆರೆಯಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಗಲ್ಲ ಹಿಡಿದು ಹಲ್ಲು ನೋಡುತ್ತಿದ್ದ ಹಾಗೆ ನಾನೂ ಹಿಡಿದು ನೋಡಿದೆ.

"ನಿನ್ ಕೈ ಬೇಡಮ್ಮ," ಎಂದು ತುಟಿ ಬಿಗಿದಳು. ಹದಿನೈದು ದಿನ ಹಾಗೇ ಹೋಯಿತು. ಆ ಹೊಸ ಹಲ್ಲು ನೆನಪಾದಾಗಲೆಲ್ಲ ನನ್ನ ಕೈ ಮೇಲೇ ನನಗೆ ಸಿಟ್ಟು.

ಅವತ್ತು ರಿಬ್ಬನ್ ಹಿಡಿದುಕೊಂಡು ಹೋದರೆ, ಬಚ್ಚಲಿನ ಕನ್ನಡಿಯೆದುರು ಸ್ಟೂಲಿನ ಮೇಲೆ ನಿಂತಿದ್ದಾಳೆ. ಫ್ಲಾಸಿನ ಎರಡು ತುದಿಗಳನ್ನೂ ನಡುಬೆರಳುಗಳಿಗೆ ಸುತ್ತಿಕೊಂಡಿದ್ದಾಳೆ. ಅವಸರವಿಲ್ಲ. ಹಿಂದೆ ಮುಂದೆ ಮೆಲ್ಲಗೆ ಆಡಿಸಿ ದಾರವನ್ನು ಸಂದಿಗೆ ಇಳಿಸಿದಳು, ಹಲ್ಲಿನ ಸುತ್ತ ಬಳಸಿ ಹೊರಗೆ ತಂದಳು. ಆಮೇಲೆ ಪಕ್ಕದ ಹಲ್ಲು. ದಾರದ ಜೊತೆ ಹಳದಿ ನಾರೊಂದು ಬಂತು.

"ಅಮ್ಮಾ, ನೋಡು! ರಾತ್ರಿ ಹಣ್ಣಿಂದು!"

ಬಗ್ಗಿ ನೋಡಿದೆ. ತೆರೆದ ಬಾಯಲ್ಲಿ, ಹೊಸದಾಗಿ ಬಂದ ಮುಂದಿನ ಹಲ್ಲಿನ ಅಂಚು ಪುಟ್ಟ ಗರಗಸದ ಹಾಗಿತ್ತು. ಅದು ಯಾವಾಗ ಹುಟ್ಟಿತೋ ನಾನು ನೋಡಿರಲಿಲ್ಲ. ಆ ಬೆರಳುಗಳಿಗೆ ಈ ನಯ ಯಾವಾಗ ಬಂತೋ, ಅದನ್ನೂ ನೋಡಿರಲಿಲ್ಲ.

"ಯಾರೇ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ. ನಾನೇ ಹಾಕ್ಕೊಂಡ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗತ್ತೆ. ನಿಂಗೆ ಗೊತ್ತಾಗಲ್ಲ."

ವ್ಯಾನಿನವನು ಹಾರನ್ ಹೊಡೆದ. ರಿಬ್ಬನ್ ಕಟ್ಟಿಸಿಕೊಂಡು ಓಡಿದಳು. ನಾನು ಆ ಹಳದಿ ನಾರನ್ನು ಅಂಗೈಯಲ್ಲಿಟ್ಟುಕೊಂಡು, ಹಾಲು ಕೆನೆಗಟ್ಟುವವರೆಗೂ ಅಲ್ಲೇ ನಿಂತಿದ್ದೆ.

ಸಂಜೆ ದೇವರಿಗೆ ಹೂ ತರಲು ಪಕ್ಕದ ಮನೆಗೆ ಹೋದೆ. ಅಲ್ಲಿಯ ಅಜ್ಜಿ ಜಗಲಿಯಲ್ಲಿ ಕೂತು ಕನಕಾಂಬರ ಕಟ್ಟಿ ಮಾರುತ್ತಾರೆ. ಸ್ಕೂಲು ಬಿಟ್ಟ ಮೇಲೆ ಮಗಳು ಅವರ ಹತ್ತಿರ ಹೂ ಕಟ್ಟಲು ಕಲಿಯುತ್ತಿದ್ದಳು. ನನ್ನ ಕೈಗೆ ಎಲೆಯ ಪೊಟ್ಟಣ ಕೊಡುತ್ತಾ ಅಜ್ಜಿ ನಕ್ಕರು.

"ಏನಮ್ಮಾ ನಿನ್ ಮಗಳು! ಹತ್ತು ದಿನದಿಂದ ಬತ್ತಾ ಅವಳೆ. ಬೆರಳಿಗೆ ದಾರ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು. ಅದೊಂದೇ. ಒಂದು ಗೇಣು ಹೂವೂ ಕಟ್ಟಿಲ್ಲ ನೋಡು!"