ದೊಡ್ಡವ್ವನ ಐದನೆಯ ದೀಪ

ಹಳೆಯ ಚಾರ್ಜರ್ ಹುಡುಕಲೆಂದು ಮೊನ್ನೆ ಡ್ರಾಯರ್ ಎಳೆದರೆ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಎಲೆಕ್ಟ್ರಾನಿಕ್ ಬೋರ್ಡು, ಅಂಗಿಯ ಗುಂಡಿಯಷ್ಟು ಮೈಕು, ಸಾಲಾಗಿ ಐದು ಎಲ್‌ಇಡಿ ದೀಪ. ಮಂಡಿಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುವವನಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಇಂದಿಗೂ ಕೇಳುತ್ತಾಳೆ.

ನಾಲ್ಕು ವರ್ಷದ ಹಿಂದೆ ನನಗೊಂದು ಹುಚ್ಚು ಹಿಡಿದಿತ್ತು. ಮೊಬೈಲಿನಲ್ಲಿ ಪಾಠ ನೋಡಿ ನೋಡಿ, ಸದ್ದು ಏರಿದಂತೆಲ್ಲ ಒಂದೊಂದೇ ದೀಪ ಹತ್ತುವ ಹಾಗೆ ಪ್ರೋಗ್ರಾಂ ಬರೆದೆ. ಮೂರು ದಿನ ಒಂದೂ ಹತ್ತಲಿಲ್ಲ. ತಂತಿಯನ್ನು ತಪ್ಪು ತೂತಿಗೆ ಸಿಕ್ಕಿಸಿದ್ದೆ. ಎಷ್ಟು ಸದ್ದಿಗೆ ಯಾವ ದೀಪ ಎಂಬ ನಂಬರುಗಳನ್ನು ನಾವೇ ಕೊಡಬೇಕು. ನಾನು ನನ್ನ ಗಂಟಲನ್ನೇ ಅಳತೆಗೆ ಹಿಡಿದೆ. ಗಿರಾಕಿಗಳನ್ನು ಕೂಗಿ ಕರೆದು ಪಳಗಿದ ಗಂಟಲು ಎಂಥದೆಂದು ನಿಮಗೆ ಹೇಳಬೇಕಿಲ್ಲ.

ಅದನ್ನು ಹರಿಹರಕ್ಕೆ, ನಮ್ಮ ತಾಯಿಯ ಅಕ್ಕ ದೊಡ್ಡವ್ವನಿಗೆ ತೋರಿಸಲು ಒಯ್ದೆ. ನಮ್ಮ ಮನೆಯ ಎಲ್ಲ ಮಕ್ಕಳಿಗೂ ಹೆಸರಿಡುವಾಗ ತೊಟ್ಟಿಲ ಹಾಡು ಹಾಡಿದವಳು ಆಕೆಯೇ. ಆ ವರ್ಷ ಗಂಟಲಿನ ಆಪರೇಷನ್ ಆಗಿ ದನಿ ಪಿಸುಮಾತಿಗೆ ಇಳಿದಿತ್ತು. ದಿನಾ ಮಾತಾಡಿ ರೂಢಿ ಮಾಡಬೇಕೆಂದು ಡಾಕ್ಟರು ಹೇಳಿದ್ದರೂ ಆಕೆ ಕೈಸನ್ನೆಯಲ್ಲೇ ದಿನ ದೂಡುತ್ತಿದ್ದಳು. ನನ್ನ ತಂಗಿಯ ಮಗಳ ನಾಮಕರಣಕ್ಕೆ ಇನ್ನೊಂದು ತಿಂಗಳಿತ್ತು.

"ಈ ಸಲ ಹಾಡಾಕ ಬ್ಯಾರೆ ಯಾರನ್ನಾರ ಕರೀರಿ," ಎಂದಳು. ಒಂದೇ ದೀಪ ಹತ್ತಿತು. ಆಕೆಯ ಮುಖ ಬಾಡಿದ್ದು ನೋಡಿ ನನಗೆ ಸಂಕಟವಾಯಿತು. ಶಹಬ್ಬಾಸ್ ಅನ್ನಿಸಿಕೊಳ್ಳಲು ಹೋದವನು ಆಕೆಯ ಕೊರತೆಯನ್ನು ಎಣಿಸಿ ತೋರಿಸಿದ್ದೆ.

ಬೋರ್ಡನ್ನು ಅಲ್ಲೇ ಬಿಟ್ಟು ಬಂದೆ. ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ, ವೈರು ಸಡಿಲಾಗಿದೆ ಎಂದು ನೆಪ ಹೇಳಿ, ಲ್ಯಾಪ್‌ಟಾಪ್ ಜೋಡಿಸಿ ಸಣ್ಣ ದನಿಗೂ ದೀಪ ಹತ್ತಲೆಂದು ನಂಬರುಗಳನ್ನು ಒಂದಿಷ್ಟು ಇಳಿಸಿ ಬರುತ್ತಿದ್ದೆ. ಎರಡು ದೀಪ ಹತ್ತಿದವು, ಮೂರಾದವು. ಕೊನೆಯ ಭಾನುವಾರ ಐದೂ ಹತ್ತಿದಾಗ ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾಮಕರಣದಲ್ಲಿ ಹಾಡಿದಳು. ದನಿ ತೊಟ್ಟಿಲು ದಾಟಿ ಹೋಗಲಿಲ್ಲ, ನಿಜ. ಹೆಂಗಸರೆಲ್ಲ ಬಳೆಯ ಸದ್ದೂ ಆಗದಂತೆ ಕೈ ಹಿಡಿದುಕೊಂಡು ಕೇಳಿದರು. ಮಗು ನಿದ್ದೆ ಹೋಯಿತು. ಮರುದಿನ ಆಕೆ ಬೋರ್ಡನ್ನು ಈ ಡಬ್ಬಿಯಲ್ಲಿಟ್ಟು ನನಗೆ ವಾಪಸು ಕೊಟ್ಟಳು.

ಮೊನ್ನೆ ಅದು ಮತ್ತೆ ಕೈಗೆ ಬಂದಾಗ ಹಳೆಯ ಸುಳ್ಳು ಚುಚ್ಚಿತು. ಫೋನು ಮಾಡಿ ಎಲ್ಲ ಒಪ್ಪಿಕೊಂಡೆ.

"ಗೊತ್ತೈತಪ್ಪ," ಎಂದಳು ಅದೇ ಸಣ್ಣ ದನಿಯಲ್ಲಿ. "ನಾ ಬಾಯಿ ಮುಚ್ಕೊಂಡು ಕುಂತ್ರೂ ಗೋಡೆ ಗಡಿಯಾರದ ಟಿಕ್ ಟಿಕ್‌ಗೇ ಎಲ್ಡು ದೀಪ ಹತ್ತುತಿದ್ವು."

"ಮತ್ಯಾಕ ಹಾಡಿದಿ ದೊಡ್ಡವ್ವ?"

"ನಾ ಹಾಡ್ಲಿ ಅಂತ ನೀ ವಾರವಾರ ಬಸ್ ಹತ್ತಿ ಬರ್ತಿದ್ಯಲ್ಲ, ಅದಕ್ಕ. ಈಗ ಮೊದ್ಲಿನ ನಂಬರ್ ಇಡು, ನೋಡಾನ."

ಮೊದಲಿನ ನಂಬರುಗಳನ್ನೇ ಹಾಕಿ ಫೋನಿನ ಸ್ಪೀಕರ್ ಒತ್ತಿ ಮೈಕಿನ ಮುಂದಿಟ್ಟೆ. ಫೋನಿನ ದನಿ ಏರಿಸುವ ಆಸೆಯಾಯಿತು; ಏರಿಸಲಿಲ್ಲ. ದೊಡ್ಡವ್ವ ತೊಟ್ಟಿಲ ಹಾಡಿನ ಒಂದು ಸಾಲು ಹಾಡಿದಳು.

"ಎಷ್ಟು ಹತ್ತಿದ್ವೋ?"

ನಾಲಿಗೆಯ ಮೇಲೆ ಬಂದಿದ್ದ ಐದನ್ನು ನುಂಗಿಕೊಂಡೆ. "ಎಲ್ಡು, ದೊಡ್ಡವ್ವ."

ಆಕೆ ನಕ್ಕಳು. ಮೂರನೆಯದು ಹತ್ತಿತು.