ಚರಗದ ಹಿಂದಿನ ನೀರು

ನಿವೃತ್ತರಾದ ಮೇಲೆ ಹೊಲದ ಮನೆಗೆ ಹೋಗಿ ಆರಾಮಾಗಿರುತ್ತೀರಿ ಬಿಡಿ ಎಂದು ಬೀಳ್ಕೊಡುಗೆಯ ದಿನ ಶಾಲು ಹೊದಿಸಿದವರೆಲ್ಲ ಹೇಳಿದ್ದರು. ಅವರಲ್ಲಿ ಒಬ್ಬರನ್ನಾದರೂ ಶೀಗಿ ಹುಣ್ಣಿಮೆಯ ದಿನ ಸಾಲೋಟಗಿ ದಾರಿಯ ನಮ್ಮ ತೋಟಕ್ಕೆ ಕರೆತಂದು ನಿಲ್ಲಿಸಬೇಕು ಅನಿಸುತ್ತದೆ. ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ ಎಂದು ಊರೂರು ತಿರುಗಿ ಹೆಡ್‌ಮಾಸ್ತರಿಕೆ ಮಾಡಿದಾಗಲೂ ನನ್ನ ಸೊಂಟ ಇಷ್ಟು ನೋಯುತ್ತಿರಲಿಲ್ಲ.

ಹೋದ ವರ್ಷದ ಹುಣ್ಣಿಮೆಯಂದು ಬೆಳಗಿನಿಂದಲೇ ಗದ್ದಲ. ಹಬ್ಬವೆಂದು ಆಳುಗಳು ಬಂದಿರಲಿಲ್ಲ. ಕಿತ್ತು ಹಾಕಿದ ಉಳ್ಳಾಗಡ್ಡಿ ಬಯಲಲ್ಲಿ ಬಿದ್ದಿತ್ತು, ಮೇಲೆ ಮೋಡ. ಪಕ್ಕದ ಮನೆಯಲ್ಲೇ ಇದ್ದು ಒಕ್ಕಲುತನ ನೋಡಿಕೊಳ್ಳುವ ನನ್ನ ತಮ್ಮನೂ ನಾನೂ ಓಡಾಡಿ ತಾಡಪತ್ರಿ ಹೊದಿಸಿದೆವು. ಅಷ್ಟರಲ್ಲಿ ಎಮ್ಮೆ ಕಣ್ಣಿ ಕಿತ್ತುಕೊಂಡು ತೊಗರಿಗೆ ನುಗ್ಗಿತು. ಅದನ್ನು ಬೈಯುತ್ತ ಹಿಡಿದು ತಂದು ಕಟ್ಟುವಾಗಲೂ ನನ್ನ ಕಿವಿ ಮಾತ್ರ ಅಡುಗೆಮನೆಯ ಕಡೆಗಿತ್ತು. ಅಲ್ಲಿ ನನ್ನ ಹೆಂಡತಿ ತಮ್ಮನ ಹೆಂಡತಿಯ ಜೊತೆ ಹೋಳಿಗೆ ಮಾಡುತ್ತಿದ್ದಳು. ಒಲೆಯ ಮುಂದೆ ದಾಹ ಹೆಚ್ಚು.

ಆ ವರ್ಷದ ಬೇಸಿಗೆಯಲ್ಲಿ ಆಕೆಗೆ ಏದುಸಿರು ಶುರುವಾಗಿತ್ತು. ಹೃದಯ ಸೋತಿದೆ, ಕುಡಿದ ನೀರು ಕಾಲಲ್ಲೂ ಎದೆಯಲ್ಲೂ ನಿಲ್ಲುತ್ತಿದೆ ಎಂದರು ವಿಜಯಪುರದ ಡಾಕ್ಟರು. ದಿನಕ್ಕೆ ಒಂದು ಬಾಟಲಿ ನೀರು. ಚಹಾ, ಮಜ್ಜಿಗೆ ಎಲ್ಲ ಅದರೊಳಗೇ. ಮೀರಿದರೆ ಉಸಿರು ಸಿಗಲಿಕ್ಕಿಲ್ಲ ಎಂದರು. ಒಮ್ಮೆ ಮೀರಿ ಅದನ್ನೂ ನೋಡಿದ್ದೇವೆ. ಆ ಹೆದರಿಕೆ ಇನ್ನೂ ಹೋಗಿಲ್ಲ.

ಅಂದಿನಿಂದ ನಾನು ನೀರಿನ ಕಾವಲುಗಾರ. ಹುಟ್ಟುಗುಣ ಸುಟ್ಟರೂ ಹೋಗದು. ಶಾಲೆಯ ದರ್ಪ ಅಡುಗೆಮನೆಗೂ ಬಂತು. ಬೆಳಿಗ್ಗೆ ಬಾಟಲಿ ತುಂಬಿಸಿ ಕೊಡುವವನೂ ನಾನೇ, ಆಗಾಗ ಎತ್ತಿ ನೋಡುವವನೂ ನಾನೇ. ನೀರಿನ ಹರವಿಯನ್ನು ಆಕೆಯ ಕಣ್ಣಿಗೆ ಬೀಳದ ಹಾಗೆ ಹಿತ್ತಲಿಗೆ ಒಯ್ದಿಟ್ಟೆ. ಬಾಯಿ ಒಣಗಿದಾಗ ಆಕೆ ಲಿಂಬೆಯ ಹೋಳನ್ನು ನಾಲಗೆಗೆ ಒತ್ತಿಕೊಂಡು ಕೂಡುತ್ತಿದ್ದಳು. ಅದನ್ನು ನೋಡುತ್ತ ಗಟಗಟ ನೀರು ಕುಡಿಯುವುದು ನನ್ನಿಂದಾಗುತ್ತಿರಲಿಲ್ಲ. ನನಗೆ ದಾಹವಾದರೆ ಪಂಪಿನ ಮನೆಯ ಹಿಂದೆ ಹೋಗಿ, ಕದ್ದು ಬೀಡಿ ಸೇದುವವನ ಹಾಗೆ ಆಚೀಚೆ ನೋಡಿ ಕುಡಿದು ಬರುತ್ತಿದ್ದೆ.

ಲಿಂಬೆತೋಟದ ಗತಿಯೂ ಆಗ ಅದೇ ಆಗಿತ್ತು. ನಮ್ಮ ಇಂಡಿ ಕಡೆ ಬೇಸಿಗೆಗೆ ಕಾಯಿ ಬೇಕೆಂದರೆ ಮಳೆ ಹಿಂದಾದ ಮೇಲೆ ಗಿಡಕ್ಕೆ ನೀರು ನಿಲ್ಲಿಸಿ ಬಾಡಿಸುತ್ತಾರೆ. ಎಲೆ ಮುದುಡಿ, ಹಳದಿಯಾಗಿ ಉದುರತೊಡಗಿದ ಮೇಲೆ ನೀರು ಬಿಟ್ಟರೆ ಮೈತುಂಬ ಹೂವು. ಗಿಡಕ್ಕೆ ಸಾವಿನ ಹೆದರಿಕೆ ಹುಟ್ಟಿಸಿದರೇನೇ ಅದು ಕಾಯಿ ಬಿಡುವುದು ಎಂದು ನಮ್ಮಪ್ಪ ಹೇಳುತ್ತಿದ್ದ. ನನ್ನ ಹೆಂಡತಿ ಕಟ್ಟೆಯ ಮೇಲೆ ಕೂತು ದಿನವೂ ಆ ಗಿಡಗಳನ್ನೇ ನೋಡುತ್ತಿದ್ದಳು. ನನಗದು ತಿಳಿಯಲಿಲ್ಲ ಎನ್ನಲಾರೆ, ತಿಳಿಯದವನ ಹಾಗೆ ಇದ್ದೆ.

ಮಧ್ಯಾಹ್ನದ ಹೊತ್ತಿಗೆ ಸಿಂದಗಿಯಿಂದ ಆಕೆಯ ತಂಗಿ, ತಂಗಿಯ ಗಂಡ ಬಂದರು. ಬಂದವರಿಗೆ ಮೊದಲು ನೀರು ಕೊಡುವುದು ಮನೆಯ ಹೆಂಗಸಿನ ಮಾನ. ನಾನು ಬೇಡವೆಂದರೂ ಕೇಳದೆ ಆಕೆಯೇ ತಂಬಿಗೆ ತುಂಬಿ ತಂದುಕೊಟ್ಟಳು.

ಶೀಗಿ ಹುಣ್ಣಿಮೆಗೆ ಭೂಮಿತಾಯಿ ತುಂಬಿದ ಬಸುರಿ. ಬಯಕೆಯ ಊಟವೆಂದು ಹೋಳಿಗೆ, ಕಡುಬು, ಸಜ್ಜೆರೊಟ್ಟಿ, ಎಣಗಾಯಿ, ಮೊಸರನ್ನ ಎಲ್ಲ ಕಲೆಸಿ ಹೊಲದ ತುಂಬ ಚೆಲ್ಲುತ್ತೇವೆ, ಅದೇ ಚರಗ. ಒಬ್ಬರು ಚೆಲ್ಲುತ್ತ ಮುಂದೆ ಹೋದರೆ ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಬರಬೇಕು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮುಗಿಸಿ ನಾನು ಬುಟ್ಟಿ ಎತ್ತಿಕೊಂಡೆ. ನೀರಿನ ತಂಬಿಗೆಯನ್ನು ಆಕೆ ಹಿಡಿದಳು. ತಮ್ಮನ ಹೆಂಡತಿಯ ಕೈಗೆ ಕೊಡು ಎಂದೆ.

“ಈ ವರ್ಷ ನಾನ ಬರ್ತೇನಿ,” ಎಂದಳು.

ತೊಗರಿ ಹೂವಿಗೆ ಬಂದಿತ್ತು. ಹುಲ್ಲುಲ್ಲಿಗೋ ಎಂದು ಚರಗದ ಕೂಗು ಹಾಕುತ್ತ ನಾನು ಚೆಲ್ಲುತ್ತಿದ್ದೆ. ಬೆನ್ನ ಹಿಂದೆ ಆಕೆಯ ಏದುಸಿರು, ಹನಿ ಬೀಳುವ ಸದ್ದು. ಲಿಂಬೆತೋಟಕ್ಕೆ ಬಂದಾಗ ಆ ಸದ್ದು ನಿಂತಿತು. ತಿರುಗಿ ನೋಡುವಷ್ಟೂ ತಾಳ್ಮೆಯಿಲ್ಲದೆ ಕೂಗಿಬಿಟ್ಟೆ.

“ಕುಡೀಬ್ಯಾಡ. ಸಾಯಬೇಕಂತ ಮಾಡೀಯೇನು?”

ಹಿಂದೆ ಬರುತ್ತಿದ್ದವರೆಲ್ಲ ನಿಂತುಬಿಟ್ಟರು. ಹಬ್ಬದ ದಿನ, ಚರಗ ಚೆಲ್ಲುವಾಗ, ಸಾವಿನ ಮಾತು. ತಿರುಗಿದರೆ ಆಕೆ ಒಂದು ಗಿಡದ ಬುಡದಲ್ಲಿ ಬಗ್ಗಿ ನಿಂತಿದ್ದಳು. ತಂಬಿಗೆ ಬೋರಲಾಗಿತ್ತು. ಇದ್ದ ನೀರನ್ನೆಲ್ಲ ಗಿಡಕ್ಕೆ ಸುರಿದಿದ್ದಳು; ತುಟಿ ಒಣಗಿಯೇ ಇತ್ತು.

“ಬಯಕಿ ಊಟ ಅಂತೀರಿ,” ಎಂದಳು ಮೆಲ್ಲಗೆ. “ಬಸರಿಗಿ ಹನಿ ನೀರ ಕೊಡದ ಹೋಳಿಗಿ ತಿನ್ನು ಅಂದ್ರ, ಗಂಟಲದಾಗ ಹೆಂಗ ಇಳೀಬೇಕ್ರಿ?”

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. ಬನ್ನಿಗಿಡದ ನೆರಳಲ್ಲಿ ಬುತ್ತಿ ಬಿಚ್ಚಿ ಉಣ್ಣುವಾಗ ಯಾರೂ ನೀರು ಕೇಳಲಿಲ್ಲ. ಆಕೆಯ ತಂಗಿಯ ಗಂಡ ಬಿಕ್ಕಳಿಕೆ ಬಂದರೂ ತಡೆದುಕೊಂಡು ಕೂತಿದ್ದ.

ಸಂಜೆ ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ. ಮೋಡ ಚದುರಿತ್ತು. ತಮ್ಮ ಉಳ್ಳಾಗಡ್ಡಿಯ ಮೇಲಿನ ತಾಡಪತ್ರಿ ತೆಗೆಯುತ್ತಿದ್ದ. ಆಕೆ ಕಟ್ಟೆಯ ಮೇಲಿದ್ದಳು.

“ಎಲ್ಲಾ ಗಿಡಕ್ಕ ಬ್ಯಾಡ್ರಿ. ಮನಿ ಮುಂದಿನ ಒಂದ ಸಾಲಿಗಿ ನೀರ ಬಿಡ್ರಿ. ನನಗ ನೋಡೂದ ಆಗವಲ್ದು.”

ತಮ್ಮ ಅಲ್ಲಿಂದಲೇ ಹೇಳಿದ: “ವೈನಿ, ಇನ್ನ ಎಂಟ ದಿನ ತಡದ್ರ ಹೂವ ಬರ್ತಾವು. ಈಗ ಬಿಟ್ರ ಬರೇ ಎಲಿ.”

ಅವನ ಮಾತು ಖರೆ. ಆದರೂ ನಾನು, “ಆ ಸಾಲ ಎಲೀನ ಬಿಡಲಿ. ಮೋಟರ್ ಹಚ್ಚು,” ಎಂದೆ.

ಕಟ್ಟೆಯ ಮುಂದಿನ ಕಾಲುವೆಯಲ್ಲಿ ನೀರು ಕಸಕಡ್ಡಿ ದೂಡಿಕೊಂಡು ಬಂತು, ಆಮೇಲೆ ತಿಳಿಯಾಯಿತು. ಆಕೆ ಸೀರೆ ತುಸು ಎತ್ತಿ, ಬಾತ ಪಾದಗಳನ್ನು ಅದರಲ್ಲಿ ಇಳಿಬಿಟ್ಟು ಕೂತಳು. ಬೆಳಗಿನಿಂದ ಓಡಾಡಿ ನನ್ನ ಗಂಟಲೂ ಆರಿತ್ತು. ನಾನು ಪಂಪಿನ ಮನೆಯ ಕಡೆ ಹೆಜ್ಜೆ ಹಾಕಿದೆ.

“ನಿಂದರ್ರಿ.”

ಆಕೆ ಕಾಲಿನ ಮೇಲ್ಗಡೆಯಿಂದ ಹರಿದು ಬರುವ ತಿಳಿನೀರಿಗೆ ತಂಬಿಗೆ ಅದ್ದಿ, ತುಂಬ ತುಂಬಿಸಿ, ಎರಡೂ ಕೈಯಲ್ಲಿ ಎತ್ತಿದಳು. ನಾನು ಆಕೆಯತ್ತ ಒಂದು ಹೆಜ್ಜೆ ಇಟ್ಟೆ. ಈ ಸಲ ಕೂಗಲಿಲ್ಲ. ಆಕೆ ತಂಬಿಗೆಯನ್ನು ನನ್ನತ್ತ ಚಾಚಿದಳು.

“ಪಂಪಿನ ಮನಿ ಹಿಂದ ಹೋಗಬ್ಯಾಡ್ರಿ ಇನ್ನ. ಇಲ್ಲೇ ನನ್ನ ಮುಂದ ಕುಡೀರಿ. ನಾ ನೋಡತೇನಿ.”

ನಾನು ಆಕೆಯ ಪಕ್ಕ ಕೂತು ಕುಡಿದೆ. ನನ್ನ ಒಂದೊಂದು ಗುಟುಕಿಗೂ ಆಕೆಯ ಒಣ ಗಂಟಲು ಏರಿ ಇಳಿಯುತ್ತಿತ್ತು.