ಗೋಲಿನ ಎರಡು ತೆಂಗಿನಮರ

ಗಂಡನಿಲ್ಲದವಳು ತೋಟ ಮಾಡಲಾರಳು ಎಂದಿದ್ದ ನನ್ನ ಮೈದುನ. ಮಾಡುತ್ತಾಳೆ ಎಂದು ನಂಬಿ ತಮ್ಮ ಜಮೀನು ಕೊಟ್ಟವರು ನಮ್ಮೂರಿನ ರಂಗಣ್ಣ. ರಾಜ್ಯದ ಪರವಾಗಿ ಫುಟ್‌ಬಾಲ್ ಆಡಿ ಬಂದು, ಅದೇ ಜಮೀನಿನಲ್ಲಿ ಎಲ್ಲ ಕೇರಿಯ ಮಕ್ಕಳನ್ನೂ ಒಟ್ಟಿಗೆ ಆಡಿಸಿದವರು. "ಆಟಕ್ಕೆ ಜಾಗ ಬುಡು ಕಣವ್ವ" ಎಂದಿದ್ದರು. ತೆಂಗಿನ ಸಸಿ ನೆಡುವಾಗ ಗಿಡದಿಂದ ಗಿಡಕ್ಕೆ ಮೂವತ್ತಡಿ ಬಿಟ್ಟು, ಆಟಕ್ಕೆ ಅಷ್ಟು ಸಾಕು ಎಂದುಕೊಂಡೆ. ಚೆಂಡು ಬಡಿದು ಸಸಿಗಳ ಸುಳಿ ಮುರಿದಾಗ ಬೇಲಿ ಹಾಕಿಸಿದೆ.

ರಂಗಣ್ಣ ತೀರಿಕೊಂಡ ವಾರ, ಅವರ ಜೊತೆಯಲ್ಲಿ ಆಡಿದ್ದ ತುಮಕೂರಿನ ಹಿರಿಯರೊಬ್ಬರು ಮೈದಾನ ನೋಡಲು ಬಂದರು.

"ಗೋಲು ಎಲ್ಲಿತ್ತಮ್ಮ?"

"ಆ ಎರಡು ಹಳೇ ಮರದ ಮಧ್ಯೆ ಕಣ್ರೀ."

"ಹುಡುಗ್ರು ಈಗ ಎಲ್ಲಿ ಆಡ್ತಾರೆ?"

"ಆಡಲ್ಲ. ಅವರವರ ಕೇರೀಲೇ ಇರ್ತಾರೆ."

ಅವರು ಚಪ್ಪಲಿ ಕಳಚಿ ಬೇಲಿಯ ಆಚೆಯೇ ನಿಂತರು. ಕರೆದರೂ ಒಳಗೆ ಬರಲಿಲ್ಲ.

ಮೂರು ಎಕರೆ ತೋಟ ಈಗ ನನ್ನದು. ಮೈದುನನ ಬಾಯಿಯೂ ಮುಚ್ಚಿದೆ. ಅದಕ್ಕೆ ತೆತ್ತದ್ದು ಊರಿನ ಮಕ್ಕಳೆಲ್ಲ ಒಟ್ಟಿಗೆ ಸೇರುತ್ತಿದ್ದ ಒಂದೇ ಜಾಗ.